ಬೊಂಬೆಪಡೆಯ ಯುದ್ಧಕ್ರೀಡೆ: ಕಲ್ಯಾಣದ ನೆಲದಿಂದ ಒಂದು ಸಮೀಕ್ಷೆ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು 1130ರ ವೇಳೆಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು, ‘ಅಭಿಲಷಿತಾರ್ಥಚಿಂತಾಮಣಿ’ಯೆಂಬ ಮತ್ತೊಂದು ಹೆಸರಿನಿಂದಲೂ ಪ್ರಸಿದ್ಧವಾಗಿರುವ ಆ ಕೋಶಪ್ರಾಯವಾದ ಗ್ರಂಥವನ್ನು, ನಮ್ಮವರು ಪಾಕಶಾಸ್ತ್ರಕ್ಕಾಗಿ ಓದಿದ್ದಾರೆ, ಸಂಗೀತಕ್ಕಾಗಿ ಓದಿದ್ದಾರೆ, ರಾಜನೀತಿಗಾಗಿಯೂ ಓದಿದ್ದಾರೆ, ಆದರೆ ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹರಡಿಕೊಂಡಿರುವ ಆ ಗ್ರಂಥದ ಎರಡನೆಯ ವಿಂಶತಿಯಲ್ಲಿ ಸೇನಾಬಲದ ವಿಚಾರವೂ, ಮೂರನೆಯದರಲ್ಲಿ ಚಿತ್ರಕರ್ಮದ ವಿಧಾನವೂ, ಐದನೆಯದರಲ್ಲಿ ಚತುರಂಗಕ್ರೀಡೆಯ ನಿರೂಪಣೆಯೂ ಒಬ್ಬನೇ ದೊರೆಯ ಲೇಖನಿಯಿಂದ, ಇಂದು ನಾವು ಬಸವಕಲ್ಯಾಣವೆಂದು ಕರೆಯುವ ಒಂದೇ ರಾಜಧಾನಿಯಲ್ಲಿ ಮೂಡಿಬಂದುವೆಂಬ ಸಂಗತಿಯನ್ನು ಒಟ್ಟುಗೂಡಿಸಿ ನೋಡುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಸೈನಿಕರ ಕಿರುಪ್ರತಿಮೆಗಳಿಗೆ ಬಣ್ಣವಿಟ್ಟು, ಮೇಜಿನ ಮೇಲೆ ಪಡೆಗಳಾಗಿ ನಿಲ್ಲಿಸಿ, ನಿಯಮಬದ್ಧವಾಗಿ ಯುದ್ಧವನ್ನಾಡುವ ಹವ್ಯಾಸವೊಂದು ಹೊರದೇಶಗಳಲ್ಲಿ ಬಹುಕಾಲದಿಂದ ಬೇರೂರಿದೆ. ಅದರ ಸುದ್ದಿ ಕಿವಿಗೆ ಬಿದ್ದಾಗ ನಮ್ಮವರು ಅದನ್ನು ಪರದೇಶದ ಮಕ್ಕಳಾಟವೆಂದೆಣಿಸಿ ಬದಿಗಿಡುವುದುಂಟು. ಸೇನೆ, ವರ್ಣ, ಕ್ರೀಡೆ ಎಂಬ ಅದರ ಮೂರು ಅಂಗಗಳೂ ಕಲ್ಯಾಣದ ಒಂದೇ ಹೊತ್ತಗೆಯಲ್ಲಿ ಅಡಕವಾಗಿರುವಾಗ, ಬಸವಕಲ್ಯಾಣ ಹುಮನಾಬಾದುಗಳ ಕಡೆಯವರಾದ ನಾವು ಆ ಹವ್ಯಾಸವನ್ನು ಪರರ ಸೊತ್ತೆಂದು ಭಾವಿಸುವುದು ಉಚಿತವಲ್ಲವೆಂಬುದೂ, ಅದನ್ನು ಕೈಗೊಳ್ಳುವುದಾದರೆ ಅನ್ಯರ ಪಡೆಗಳನ್ನು ಕೊಂಡು ತರುವುದಕ್ಕಿಂತ ನಮ್ಮ ನೆಲದ ಕಲ್ಲುಗಳಲ್ಲಿ ನಿಂತಿರುವ ಪಡೆಯನ್ನೇ ನೋಡಿ ರೂಪಿಸಿ ಬಣ್ಣವಿಡುವುದು ಲೇಸೆಂಬುದೂ ಈ ಸಮೀಕ್ಷೆಯಲ್ಲಿ ನಾನು ಪ್ರತಿಪಾದಿಸಬಯಸುವ ವಿಷಯ.

ಹವ್ಯಾಸದ ಸ್ವರೂಪವನ್ನು ಅರಿಯದವರಿಗಾಗಿ ಎರಡು ಮಾತು. ಲೋಹದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಎರಕಹೊಯ್ದ, ಪಾದದಿಂದ ಕಣ್ಣಿನ ಮಟ್ಟದವರೆಗೆ 28 ಮಿಲಿಮೀಟರು ಎತ್ತರವಿರುವ ಸೈನಿಕನೇ ಇಂದು ಹೆಚ್ಚು ಬಳಕೆಯಲ್ಲಿರುವ ಪ್ರತಿಮೆ. 15 ಮತ್ತು 6 ಮಿಲಿಮೀಟರಿನವೂ ಉಂಟು, ಆಟಕ್ಕಿಂತ ಹೆಚ್ಚಾಗಿ ಪ್ರದರ್ಶನಕ್ಕೆಂದೇ ಸಿದ್ಧಪಡಿಸುವ 54 ಮಿಲಿಮೀಟರಿನವೂ ಉಂಟು. ಆರಡಿ ಉದ್ದ ನಾಲ್ಕಡಿ ಅಗಲದ ಮೇಜಿನ ಮೇಲೆ ಗುಡ್ಡ, ಹಳ್ಳ, ತೋಪು, ಕೋಟೆಗಳ ಪ್ರತಿಕೃತಿಗಳನ್ನು ಅಣಿಗೊಳಿಸಿ, ಎದುರಾಳಿಗಳಿಬ್ಬರು ಅಳತೆಪಟ್ಟಿಯನ್ನೂ ದಾಳಗಳನ್ನೂ ಹಿಡಿದು, ಮೊದಲೇ ಒಪ್ಪಿಕೊಂಡ ನಿಯಮಾವಳಿಗೆ ಅನುಸಾರವಾಗಿ ಸರದಿಯ ಮೇಲೆ ಸರದಿಯಾಗಿ ಕದನವನ್ನು ನಡೆಸುವರು. ಚದುರಂಗದಲ್ಲಿ ಕುದುರೆಯ ನಡೆ ನಿಶ್ಚಿತ, ಹೊಡೆತದ ಫಲವೂ ನಿಶ್ಚಿತ. ಇಲ್ಲಿಯಾದರೋ ಕುದುರೆಯು ಕೆಸರಿನಲ್ಲಿ ನಿಧಾನಿಸುವುದು, ಏರನ್ನು ಹತ್ತುವಾಗ ದಣಿಯುವುದು, ಗುರಿಯಿಟ್ಟ ಬಾಣವು ದಾಳದ ಅನುಗ್ರಹವಿಲ್ಲದೆ ತಾಗದೆ ಹೋಗುವುದು. ಪುರುಷಪ್ರಯತ್ನವೂ ದೈವವೂ ಒಂದೇ ಮೇಜಿನ ಮೇಲೆ ಎದುರುಬದುರಾಗುವ ಈ ಆಟಕ್ಕೆ ಪಗಡೆಯೂ ಚದುರಂಗವೂ ಸಮಾನವಾಗಿ ಪೂರ್ವಜರು.

ಚತುರಂಗಬಲವನ್ನು ಹಲಗೆಯ ಮೇಲಕ್ಕೆ ತಂದ ಕೀರ್ತಿ ಭಾರತದ್ದು. ಹಲಗೆಯಿಂದ ಅದನ್ನು ಮರಳಿ ಭೂಮಿಯ ರೂಪಕ್ಕೆ ಒಯ್ದ ಪ್ರಯತ್ನ ಜರ್ಮನರದ್ದು. ಬ್ರೌನ್‌ಷ್ವೈಗ್ ಸಂಸ್ಥಾನದ ಹೆಲ್ವಿಗ್ ಎಂಬ ಉಪಾಧ್ಯಾಯನು 1780ರಲ್ಲಿ ಚದುರಂಗದ ಹಲಗೆಯನ್ನು ಸಾವಿರಕ್ಕೂ ಮಿಕ್ಕ ಮನೆಗಳಿಗೆ ಹಿಗ್ಗಿಸಿ, ಮನೆಗಳ ಬಣ್ಣದಿಂದಲೇ ಬೆಟ್ಟ, ನದಿ, ಜವುಗು ಭೂಮಿಗಳನ್ನು ಸೂಚಿಸಿದನು. ಪ್ರಷ್ಯದ ರೈಸ್ವಿಟ್ಸ್ ಎಂಬಾತನು ಮನೆಗಳನ್ನೇ ತೊರೆದು, 1812ರಲ್ಲಿ ತನ್ನ ದೊರೆಗೆ ನೆಲದ ಏರುತಗ್ಗುಗಳನ್ನು ತುಂಡುತುಂಡಾಗಿ ಜೋಡಿಸಬಹುದಾದ ಮೇಜೊಂದನ್ನು ಒಪ್ಪಿಸಿದನು. ಫಿರಂಗಿದಳದ ಅಧಿಕಾರಿಯಾಗಿದ್ದ ಅವನ ಮಗನು 1824ರಲ್ಲಿ ಅದನ್ನು ಪರಿಷ್ಕರಿಸಿ, 1:8000 ಪ್ರಮಾಣದ ಭೂಪಟ, ಪ್ರತಿ ಸರದಿಗೂ ಎರಡು ನಿಮಿಷದ ಕಾಲಮಾನ, ಗುಂಡೇಟಿನ ಫಲವನ್ನು ನಿರ್ಣಯಿಸಲು ದಾಳ, ಉಭಯಪಕ್ಷಗಳ ಆಜ್ಞೆಗಳನ್ನು ಗುಟ್ಟಾಗಿ ಪಡೆದು ನಡೆಸುವ ಮಧ್ಯಸ್ಥ, ಇವುಗಳನ್ನು ವಿಧಿಸಿದನು. ಪ್ರಷ್ಯದ ಸೇನಾಮುಖ್ಯರು ಅದನ್ನು ವಿನೋದವೆಂದು ಎಣಿಸದೆ ಸೇನಾಶಿಕ್ಷಣದ ಸಾಧನವೆಂದೇ ಸ್ವೀಕರಿಸಿದರು. ಇಂದು ನಮ್ಮ ಭಾರತೀಯ ಸೇನೆಯಲ್ಲಿ ಕಾರ್ಯಾಚರಣೆಗೆ ಮುನ್ನ ಮರಳಿನಲ್ಲಿ ನೆಲದ ಮಾದರಿಯನ್ನು ಮಾಡಿ ಯೋಧರಿಗೆ ವಿವರಿಸುವ ಪದ್ಧತಿಯೂ ಇದೇ ಬುದ್ಧಿಯ ಇನ್ನೊಂದು ಶಾಖೆ. ಈ ಯುದ್ಧಕ್ರೀಡೆಯು ಅಧಿಕಾರಿಗಳ ಕೊಠಡಿಯಿಂದ ಜನಸಾಮಾನ್ಯರ ಮನೆಗೆ ಬರಲು ಬೊಂಬೆ ಅಗ್ಗವಾಗಬೇಕಾಗಿತ್ತು. ಇಂಗ್ಲೆಂಡಿನ ಬ್ರಿಟನ್ ಎಂಬ ಮನೆತನದವರು 1893ರಲ್ಲಿ ಸೀಸದ ಸೈನಿಕನನ್ನು ಒಳಗೆ ಟೊಳ್ಳಾಗಿ ಎರಕಹೊಯ್ಯುವ ಉಪಾಯವನ್ನು ಕಂಡುಹಿಡಿದರು. ಲೋಹ ಉಳಿಯಿತು, ಬೆಲೆ ಇಳಿಯಿತು. ಎಚ್. ಜಿ. ವೆಲ್ಸನು ಆ ಬೊಂಬೆಗಳಿಗಾಗಿಯೇ ‘ಲಿಟಲ್ ವಾರ್ಸ್’ ಎಂಬ ನಿಯಮಗ್ರಂಥವನ್ನು 1913ರಲ್ಲಿ ಪ್ರಕಟಿಸಿ, ಮಹಾಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಎಷ್ಟೋ ಮೇಲೆಂದು ಅದರಲ್ಲಿ ವಾದಿಸಿದನು. ಮರುವರ್ಷವೇ ಮಹಾಯುದ್ಧ ಬಂದಿತು. ಅನಂತರದ ಚರಿತ್ರೆಯನ್ನು ವಿಸ್ತರಿಸಬೇಕಾದುದಿಲ್ಲ. 1962ರಲ್ಲಿ ಫೆದರ್‌ಸ್ಟೋನನ ‘ವಾರ್ ಗೇಮ್ಸ್’ ಎಂಬ ಕೈಪಿಡಿಯೂ, 1974ರಲ್ಲಿ ಅಮೆರಿಕದ ಯುದ್ಧಕ್ರೀಡಾಸಕ್ತರ ಬಳಗದಿಂದಲೇ ಹೊರಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಕ್ರೀಡೆಯೂ, 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಕಲ್ಪಿತಲೋಕದ ಸಮರವೂ ಬಂದು, ಹವ್ಯಾಸವು ದೊಡ್ಡ ಉದ್ಯಮವಾಗಿ ಬೆಳೆಯಿತು.

ಕನ್ನಡನಾಡಿನಲ್ಲಿ ಈ ಪ್ರವೃತ್ತಿಯ ಕುರುಹುಗಳನ್ನು ಅರಸುವವರು ಮೊದಲು ನೆನೆಯತಕ್ಕದ್ದು ಮೈಸೂರಿನ ದಸರೆಯ ಬೊಂಬೆಗಳನ್ನು. ಪಟ್ಟದ ಬೊಂಬೆಗಳ ಕೆಳಗೆ ಅಂಬಾರಿಯ ಆನೆ, ಸವಾರರು, ವಾದ್ಯದವರು, ಕಾಲಾಳುಗಳು ಸಾಲುಗಟ್ಟಿ ಜಂಬೂಸವಾರಿ ಹೊರಡುವ ದೃಶ್ಯವು ಸೈನಿಕ ಪ್ರತಿಮೆಗಳ ಮೆರವಣಿಗೆಯಲ್ಲದೆ ಬೇರೆಯಲ್ಲ. ಆಟಗಳ ವಿಷಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಸಕ್ತಿಯು ಅಸಾಧಾರಣವಾದುದು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಕ್ರೀಡೆಗಳಿಗೇ ಮೀಸಲು. ಆದರೆ ಮೈಸೂರಿನ ವೈಭವವನ್ನು ಹೇಳಿ ಉತ್ತರದ ನಮ್ಮ ಸೀಮೆಯನ್ನು ಮರೆಯುವುದು ಸಲ್ಲದು. ಜ್ಯೇಷ್ಠ ಬಹುಳದ ಮಣ್ಣೆತ್ತಿನ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವರು. ದೀಪಾವಳಿಯಲ್ಲಿ ಸೆಗಣಿಯಿಂದ ಪಾಂಡವರನ್ನು ಮಾಡಿ ಹೂವಿಟ್ಟು ಹೊಸ್ತಿಲಲ್ಲಿ ಕೂರಿಸುವ ಊರುಗಳೂ ಹಲವು. ಇನ್ನು ಬೆಳಗಾವಿಯಲ್ಲಿಯೂ ಮಹಾರಾಷ್ಟ್ರದ ಊರುಗಳಲ್ಲಿಯೂ ಹುಡುಗರು ಅದೇ ಹಬ್ಬಕ್ಕೆ ಕಲ್ಲುಮಣ್ಣುಗಳಿಂದ ಕಿಲ್ಲೆಗಳನ್ನು ಕಟ್ಟಿ, ಬುರುಜಿನ ಮೇಲೆ ಬಣ್ಣದ ಮಾವಳಿ ಸೈನಿಕರನ್ನು ನಿಲ್ಲಿಸಿ, ತುತ್ತತುದಿಯಲ್ಲಿ ಶಿವಾಜಿ ಮಹಾರಾಜರನ್ನು ಪ್ರತಿಷ್ಠಿಸುವುದನ್ನು ನೋಡಿದವರಿಗೆ, ಬೊಂಬೆಪಡೆಯ ಹವ್ಯಾಸವನ್ನು ಪಡುವಣದಿಂದ ಹಡಗಿನಲ್ಲಿ ತರಿಸಿಕೊಳ್ಳಬೇಕೆಂಬ ಭ್ರಮೆ ಉಳಿಯಲಾರದು. ಹುಲಿ-ಕುರಿ ಆಟವಂತೂ ಗುಡಿಗಳ ಹಾಸುಗಲ್ಲುಗಳ ಮೇಲೆ ಗೀರಿದ ರೇಖೆಗಳಲ್ಲಿ ಇಂದಿಗೂ ಉಳಿದಿದೆ. ಒಂದು ಪಕ್ಷಕ್ಕೆ ಬಲವೂ ಮತ್ತೊಂದು ಪಕ್ಷಕ್ಕೆ ಸಂಖ್ಯೆಯೂ ದೊರೆಯುವ ಆ ವಿಷಮಯುದ್ಧದ ಕಲ್ಪನೆಯು ಇಂದಿನ ನಿಯಮಕರ್ತರನ್ನೂ ಬೆರಗುಗೊಳಿಸುವಂಥದು.

ಈಗ ಬಣ್ಣದ ವಿಚಾರ. ಈ ಹವ್ಯಾಸದ ಪ್ರಾಣವು ಆಟದಲ್ಲಿದೆಯೆಂದು ಹಲವರು ತಿಳಿದಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಕುಂಚದಲ್ಲಿದೆ. ಒಂದು ಸಂಜೆಯಲ್ಲಿ ಮುಗಿಯುವ ಕದನಕ್ಕಾಗಿ ತಿಂಗಳುಗಟ್ಟಲೆ ಬಣ್ಣವಿಡುವವನು ಕದನಕ್ಕಾಗಿ ಮಾತ್ರ ದುಡಿಯುತ್ತಿರುವನೆಂದು ಹೇಳಲಾಗದು. ಕೆಲಸದ ಕ್ರಮವು ಹೀಗಿರುತ್ತದೆ: ಪ್ರತಿಮೆಯನ್ನು ಸಾಬೂನಿನ ನೀರಿನಲ್ಲಿ ತೊಳೆದು, ಬಣ್ಣ ಹಿಡಿದು ನಿಲ್ಲುವಂತೆ ಪ್ರೈಮರಿನ ತೆಳುವಾದ ಒಂದು ಲೇಪವನ್ನು ಕೊಟ್ಟು, ಒಣಗಿದ ಬಳಿಕ ಮೈ, ಬಟ್ಟೆ, ಚರ್ಮ, ಲೋಹ ಇವುಗಳಿಗೆ ಆಯಾ ಬಣ್ಣವನ್ನು ಅಕ್ರಿಲಿಕ್ಕಿನಲ್ಲಿ ಸಪಾಟಾಗಿ ತುಂಬುವರು. ಈ ಹಂತದಲ್ಲಿ ಸೈನಿಕನು ನಿರ್ಜೀವನಾಗಿಯೇ ತೋರುವನು. ಆಮೇಲೆ ನೀರಿನಂತೆ ತೆಳ್ಳಗಿರುವ ಗಾಢವರ್ಣವನ್ನು, ಹವ್ಯಾಸಿಗಳು ವಾಶ್ ಎಂದು ಕರೆಯುವುದನ್ನು, ಮೇಲೆಲ್ಲ ಹರಿಯಬಿಟ್ಟರೆ ಅದು ಪಂಚೆಯ ನೆರಿಗೆ, ಬೆರಳುಗಳ ಸಂದು, ಕಣ್ಣಿನ ಕುಳಿ, ಗುರಾಣಿಯ ಅಂಚು ಇವುಗಳಲ್ಲಿ ಇಳಿದು ನಿಂತು ನೆರಳಾಗುವುದು. ಕೊನೆಗೆ ಕುಂಚದಲ್ಲಿರುವ ಬಣ್ಣವನ್ನು ಬಟ್ಟೆಯಲ್ಲಿ ಬಹುತೇಕ ಒರಸಿ, ಉಳಿದ ಒಣಬಣ್ಣವನ್ನು ಉಬ್ಬಿರುವ ಭಾಗಗಳ ಮೇಲೆ ಹಗುರವಾಗಿ ಸವರಿದರೆ ಮೂಗಿನ ತುದಿ, ಮುಷ್ಟಿಯ ಗೆಣ್ಣು, ನೆರಿಗೆಯ ಏಣು ಬೆಳಗುವುವು. ಆಗ ಆ ಕಿರುಮೂರ್ತಿಗೆ ತಟಕ್ಕನೆ ಜೀವ ಬರುವುದು. ಇಷ್ಟು ಚಿಕ್ಕ ವಸ್ತುವಿನ ಮೇಲೆ ಬೀಳುವ ನಿಜವಾದ ಬೆಳಕು ಅದಕ್ಕೆ ತಕ್ಕ ನೆರಳನ್ನು ಕೊಡಲಾರದಾದುದರಿಂದ, ಬೆಳಕನ್ನೂ ನೆರಳನ್ನೂ ಬಣ್ಣದಿಂದಲೇ ಬರೆಯಬೇಕೆಂಬುದು ಈ ಕುಶಲಕಲೆಯ ಮೂಲಸೂತ್ರ. ಉಬ್ಬಿದ ಎಡೆಯಲ್ಲಿ ಉಜ್ಜ್ವಲವರ್ಣವನ್ನೂ ತಗ್ಗಾದ ಎಡೆಯಲ್ಲಿ ಶ್ಯಾಮಲವರ್ಣವನ್ನೂ ಇಡಬೇಕೆಂದು ಸೋಮೇಶ್ವರನು ಚಿತ್ರಕಾರರಿಗೆ ವಿಧಿಸಿರುವನು. ಕಿರುಸೈನಿಕನಿಗೆ ಬಣ್ಣವಿಡುವವನು ಇಂದು ಯಾವ ದೇಶದಲ್ಲಿಯೇ ಆಗಲಿ ಮೊದಲು ಕಲಿಯುವ ಪಾಠವೂ ಇದೇ. ಇದನ್ನು ಬಸವಕಲ್ಯಾಣದ ಕೋಟೆಯ ಆಸುಪಾಸಿನಲ್ಲಿ ಒಂಬೈನೂರು ವರ್ಷಗಳ ಹಿಂದೆ ಬರೆದಿಟ್ಟಿದ್ದರೆಂಬುದನ್ನು ಅರಿತಾಗ ನನಗಾದ ಸಂತೋಷವನ್ನು ಮರೆಮಾಡಲಾರೆ.

ಆ ಗ್ರಂಥವು ಹೇಳುವ ಸಾಮಗ್ರಿಗಳೂ ವಿಚಾರಣೀಯವಾದುವು. ಬಿಳಿಗೆ ಶಂಖದ ಪುಡಿ, ಕೆಂಪಿಗೆ ದರದ, ಅರಗಿನ ರಸ ಮತ್ತು ಕಾವಿಕಲ್ಲು, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ; ಇವು ಶುದ್ಧವರ್ಣಗಳು. ಹರಿತಾಳಕ್ಕೆ ನೀಲಿ ಸೇರಿದರೆ ಹಸುರು, ಶಂಖಕ್ಕೆ ಕಾಡಿಗೆ ಸೇರಿದರೆ ಹೊಗೆಬಣ್ಣ, ಹೀಗೆ ಮಿಶ್ರವರ್ಣಗಳು. ಅಂಟಿಗೆ ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಕುದಿಸಿ ಒಣಗಿಸಿದ ವಜ್ರಲೇಪ. ಲೇಖನಿಗೆ, ಎಂದರೆ ಕುಂಚಕ್ಕೆ, ಕರುವಿನ ಕಿವಿಯ ಕೂದಲು. ಇವನ್ನು ಹಾಗೆಯೇ ಅನುಸರಿಸಬೇಕೆಂದು ನಾನು ಹೇಳುವುದಿಲ್ಲ. ಏಕೆಂದರೆ ಹರಿತಾಳವು ಪಾಷಾಣದ ಸಂಯುಕ್ತ, ದರದವು ಪಾದರಸದ್ದು, ಕುಂಚದ ತುದಿಯನ್ನು ಮೊನೆಯಾಗಿಸಲು ತುಟಿಗೆ ತಾಗಿಸುವ ದುರಭ್ಯಾಸವುಳ್ಳ ಹುಡುಗರ ಕೈಗೆ ಇವನ್ನು ಕೊಡುವುದು ಅಪಾಯ. ಕೂದಲಿನ ವಿಷಯದಲ್ಲಿಯೂ ಎಚ್ಚರ ಬೇಕು. ಮುಂಗುಸಿಯ ಕೂದಲಿನ ಕುಂಚಗಳನ್ನು ಕೆಲವೆಡೆ ಕದ್ದು ಮಾರುವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಮುಂಗುಸಿಯು ರಕ್ಷಿತ ಪ್ರಾಣಿ, ಅದರ ಕೂದಲಿನ ವ್ಯಾಪಾರ ಅಪರಾಧ. ಸಿಂಥೆಟಿಕ್ ಕುಂಚದಿಂದ ಎಲ್ಲ ಕೆಲಸವೂ ಆಗುವುದು.

ಬಣ್ಣವಿಡುವ ಕೌಶಲವಿದ್ದರೂ ಯಾವ ಸೈನಿಕನಿಗೆ ಯಾವ ಬಣ್ಣವೆಂಬ ಪ್ರಶ್ನೆ ಉಳಿಯುವುದು. ಹವ್ಯಾಸಿಯನ್ನು ಇತಿಹಾಸದ ವಿದ್ಯಾರ್ಥಿಯನ್ನಾಗಿ ಮಾಡುವ ಪ್ರಶ್ನೆಯೇ ಇದು. ನೆಪೋಲಿಯನ್ನನ ಕಾಲಾಳಿನ ಗುಂಡಿಗಳಿಗೆ ಯಾವ ಬಣ್ಣವೆಂದು ಹೇಳುವ ಪುಸ್ತಕಗಳು ಹೇರಳವಾಗಿವೆ. ಚಾಲುಕ್ಯರ ಕಾಲಾಳು ಏನನ್ನು ತೊಟ್ಟಿದ್ದನೆಂಬುದನ್ನು ನಾವೇ ಕಲ್ಲುಗಳಿಂದ ಓದಿಕೊಳ್ಳಬೇಕು. ಆ ಓದಿಗೆ ಆಕರಗಳು ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ, ಇದು ಅವುಗಳ ಸಾಮಾನ್ಯ ವಿನ್ಯಾಸ. ಕೆಳಗಿನ ಪಟ್ಟಿಕೆಯನ್ನು ಹತ್ತಿರದಿಂದ ನೋಡಿದರೆ ತುರುಬು ಕಟ್ಟಿದ ತಲೆ, ಮೊಣಕಾಲ ಮೇಲಕ್ಕೆ ಬಿಗಿದ ಕಚ್ಚೆ, ನಡುಪಟ್ಟಿಯಲ್ಲಿ ಸಿಕ್ಕಿಸಿದ ಕಿರುಗತ್ತಿ, ದುಂಡನೆಯ ಗುರಾಣಿ, ಕಿವಿಯವರೆಗೆ ಸೆಳೆದ ಬಿಲ್ಲು, ಕುದುರೆಯ ಜೀನು ಮತ್ತು ಲಗಾಮು, ಇವೆಲ್ಲವೂ ಸ್ಫುಟವಾಗಿ ಕಾಣುವುವು. ಆಭರಣಗಳಿಗೂ ಕೇಶವಿನ್ಯಾಸಕ್ಕೂ ಹುಮನಾಬಾದು ತಾಲ್ಲೂಕಿನ ಜಲಸಂಗ್ವಿಯ ಗುಡಿಯನ್ನು ನೋಡತಕ್ಕದ್ದು; ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯಿಂದ ಖ್ಯಾತವಾದ ಆ ಗೋಡೆಗಳಂತೆಯೇ, ಬಸವಕಲ್ಯಾಣದ ಸಮೀಪದ ನಾರಾಯಣಪುರದ ಗುಡಿಯೂ ಆ ಕಾಲದ ವೇಷಭೂಷಣಗಳ ಭಂಡಾರ. ಕಲ್ಲಿಗೆ ಬಣ್ಣವಿಲ್ಲ, ನಿಜ. ಆದರೆ ಮಾನಸೋಲ್ಲಾಸದ ವಸ್ತ್ರೋಪಭೋಗದ ಭಾಗವು ಮಂಜಿಷ್ಠ, ಅರಗು, ಕುಸುಬೆ, ಅರಿಸಿನ, ನೀಲಿ ಇವುಗಳಿಂದ ಬಣ್ಣಗಟ್ಟಿದ ಬಟ್ಟೆಗಳನ್ನು ಹೇಳುವುದಾದ್ದರಿಂದ, ಇಟ್ಟಿಗೆಗೆಂಪು, ಕೇಸರಿ, ಹಳದಿ, ಕಡುನೀಲಿಗಳೊಳಗೆ ನಮ್ಮ ಸೈನಿಕನ ಕಚ್ಚೆಯ ಬಣ್ಣವನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ. ಕಾಲಾಳಿಗೆ ಸಾದಾ ಬಿಳಿಯ ಹತ್ತಿಬಟ್ಟೆಯೇ ಹೆಚ್ಚು ಯುಕ್ತವೆಂದು ನನ್ನ ಭಾವನೆ.

ಪಡೆಯನ್ನು ವಿಂಗಡಿಸುವುದಕ್ಕೂ ಅದೇ ಗ್ರಂಥದಲ್ಲಿ ಆಧಾರವುಂಟು. ಕೌಟಿಲ್ಯನ ಕಾಲದಿಂದ ಬಂದ ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಆಟವಿಕ ಎಂಬ ಷಡ್ವಿಧ ಬಲಗಳನ್ನು ಸೋಮೇಶ್ವರನೂ ಅಂಗೀಕರಿಸಿದ್ದಾನೆ. ವಂಶಪಾರಂಪರ್ಯವಾಗಿ ಒಡೆಯನನ್ನು ನಂಬಿದ ಮೌಲಬಲವು ಎಲ್ಲಕ್ಕೂ ಮೇಲು, ಸಂಬಳದ ಭೃತಬಲವು ಅನಂತರ, ಹೀಗೆ ಇಳಿಯುತ್ತ ಕಾಡಿನವರ ಆಟವಿಕ ಬಲವು ಕೊನೆಯದೆಂಬ ತಾರತಮ್ಯವನ್ನು ಅರ್ಥಶಾಸ್ತ್ರವು ಮಾಡುತ್ತದೆ. ಇಂದಿನ ನಿಯಮಗ್ರಂಥಗಳಲ್ಲಿ ಪ್ರತಿ ದಳಕ್ಕೂ ಧೈರ್ಯದ ಅಂಕವೊಂದನ್ನು ಕೊಡುವ ಪದ್ಧತಿಯಿದೆ; ಅದಕ್ಕೆ ಈ ಆರು ಮೆಟ್ಟಿಲುಗಳು ಎಷ್ಟು ಸಹಜವಾಗಿ ಒಪ್ಪುವುವೆಂಬುದನ್ನು ಒಂದು ಉದಾಹರಣೆಯಿಂದ ತೋರಿಸುವೆನು. ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಒಂದನೆಯ ಸೋಮೇಶ್ವರ ಆಹವಮಲ್ಲನಿಗೂ ಚೋಳರಿಗೂ 1054ರ ಸುಮಾರಿನಲ್ಲಿ ಕೊಪ್ಪಮ್ ಎಂಬಲ್ಲಿ ಘೋರಯುದ್ಧವಾಯಿತು. ಚೋಳ ಚಕ್ರವರ್ತಿ ರಾಜಾಧಿರಾಜನು ಆನೆಯ ಮೇಲಿದ್ದಾಗಲೇ ಹತನಾದನು. ಪಡೆ ಚೆದುರಲಾರಂಭಿಸಿದಾಗ ಅವನ ತಮ್ಮ ಎರಡನೆಯ ರಾಜೇಂದ್ರನು ರಣರಂಗದಲ್ಲಿಯೇ ಕಿರೀಟವನ್ನು ಧರಿಸಿ ಗೆಲುವನ್ನು ತನ್ನ ಕಡೆಗೆ ತಿರುಗಿಸಿಕೊಂಡನೆಂದು ಚೋಳ ಶಾಸನಗಳು ಹೇಳುತ್ತವೆ. ಈ ಕದನವನ್ನು ಮೇಜಿಗೆ ತರಬಯಸುವವನು, ದೊರೆ ಬಿದ್ದೊಡನೆ ಸೈನ್ಯಕ್ಕೆ ಏನಾಗುವುದೆಂಬುದಕ್ಕೆ ಒಂದು ನಿಯಮವನ್ನು ಬರೆಯಲೇಬೇಕು. ಎರಡು ದಾಳಗಳನ್ನು ಎಸೆದಾಗ ಬೀಳಬಹುದಾದ 36 ಬಗೆಗಳಲ್ಲಿ ಮೊತ್ತವು 7 ಅಥವಾ ಅದಕ್ಕೆ ಮಿಗಿಲಾಗುವ ಬಗೆಗಳು 21. 5 ಅಥವಾ ಮಿಗಿಲಾಗುವುವು 30. 9 ಅಥವಾ ಮಿಗಿಲಾಗುವುವು 10. ಮೌಲಬಲಕ್ಕೆ 5, ಶ್ರೇಣಿಬಲಕ್ಕೆ 7, ಅಮಿತ್ರಬಲಕ್ಕೆ 9 ಬಿದ್ದರೆ ಸಾಕು ನಿಲ್ಲುವುದು, ಇಲ್ಲದಿದ್ದರೆ ಹಿಮ್ಮೆಟ್ಟುವುದು ಎಂದು ವಿಧಿಸಿದರೆ, ಆರರಲ್ಲಿ ಐದು ಸಲ ನಿಲ್ಲುವ ಮನೆತನದ ಯೋಧರಿಗೂ ಮೂರಕ್ಕೆ ಒಂದು ಸಲವೂ ನಿಲ್ಲಲಾರದ, ಶತ್ರುವನ್ನು ಬಿಟ್ಟುಬಂದ ಪಡೆಗೂ ಇರುವ ಅಂತರವು ಕಣ್ಣೆದುರಿಗೆ ಪ್ರತ್ಯಕ್ಷವಾಗುವುದು; ರಾಜೇಂದ್ರನು ಕಿರೀಟವನ್ನು ಧರಿಸಿದ ಸರದಿಯಿಂದ ಪ್ರತಿ ಎಸೆತಕ್ಕೂ 2 ಕೂಡಿಸಿಕೊಳ್ಳಲೆಂದು ಸೇರಿಸಿದರೆ, ಒಬ್ಬ ಮನುಷ್ಯನ ಸಮಯಪ್ರಜ್ಞೆಯು ಯುದ್ಧದ ಗತಿಯನ್ನು ಹೇಗೆ ಬದಲಿಸಿತೆಂಬುದನ್ನು ಶಾಲೆಯ ಪಾಠಕ್ಕಿಂತ ಸ್ಪಷ್ಟವಾಗಿ ಹುಡುಗನು ಅರಿಯುವನು. ತನ್ನ ಪೂರ್ವಜರು ಸೋತ ಕದನವನ್ನು ಮತ್ತೆ ಮತ್ತೆ ಆಡಿ ನೋಡುವುದರಲ್ಲಿ ಅಭಿಮಾನಕ್ಕಿಂತ ಹೆಚ್ಚಿನ ವಿವೇಕವಿದೆ.

ಪ್ರಮಾಣದ ತೊಡಕೊಂದುಂಟು. 28 ಮಿಲಿಮೀಟರಿನ ಸೈನಿಕನು ನಿಜದ ಅರವತ್ತನೆಯ ಒಂದು ಭಾಗವೆಂದು ಎಣಿಸಿದರೆ, ಮೂರು ಮೀಟರು ಎತ್ತರದ ಆನೆಯು ಐದು ಸೆಂಟಿಮೀಟರಾಗುವುದು, ಆರಡಿಯ ಮೇಜು ಸುಮಾರು 110 ಮೀಟರು ನೆಲವಾಗುವುದು. ಬಿಲ್ಲುಗಾರನ ಬಾಣವು ಅದನ್ನು ದಾಟಿ ಆಚೆಗೆ ಬೀಳುವುದು. ಆದಕಾರಣ ಹವ್ಯಾಸಿಗಳು ಮನುಷ್ಯನಿಗೆ ಒಂದು ಪ್ರಮಾಣವನ್ನೂ ನೆಲಕ್ಕೆ ಮತ್ತೊಂದನ್ನೂ ಇಟ್ಟುಕೊಂಡು, ಒಂದು ಪ್ರತಿಮೆಯು ಇಪ್ಪತ್ತು ಮೂವತ್ತು ಜನಕ್ಕೆ ಸಮವೆಂದು ಭಾವಿಸುವರು. ವೀರಗಲ್ಲಿನ ಶಿಲ್ಪಿಯೂ ಮಾಡಿದುದು ಅದನ್ನೇ. ಮಡಿದ ವೀರನನ್ನು ದೊಡ್ಡದಾಗಿ ಕಡೆದು, ದಂಡನ್ನೆಲ್ಲ ನಾಲ್ಕಾರು ಕಿರುರೂಪಗಳಲ್ಲಿ ಸೂಚಿಸಿದನು.

ಇಷ್ಟೆಲ್ಲ ಆದಮೇಲೂ ಒಂದು ಆಕ್ಷೇಪವನ್ನು ಎದುರಿಸದೆ ಈ ವಿಷಯವನ್ನು ಬಿಡುವಂತಿಲ್ಲ. ಬಸವಣ್ಣನವರೂ ಅಲ್ಲಮಪ್ರಭುವೂ ನಡೆದಾಡಿದ, ದಯೆಯನ್ನು ಧರ್ಮದ ಮೂಲವೆಂದು ಸಾರಿದ ಕಲ್ಯಾಣದಲ್ಲಿ ಯುದ್ಧವನ್ನು ವಿನೋದವನ್ನಾಗಿ ಮಾಡುವುದು ಸರಿಯೆ? ಈ ಪ್ರಶ್ನೆಯನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಕಲ್ಪಿತ ರಾಕ್ಷಸರನ್ನು ಕೊಲ್ಲುವ ಆಟಗಳಲ್ಲಿ ಕ್ರೌರ್ಯವನ್ನೇ ಅಲಂಕಾರವನ್ನಾಗಿ ಮಾಡಿ, ಪ್ರತಿಮೆಗಳ ಮೇಲೆ ನೆತ್ತರನ್ನು ಸುರಿದಂತೆ ಬಣ್ಣವಿಡುವ ಒಂದು ಅಭಿರುಚಿ ಇದೆ. ಅದು ನನಗೆ ಹಿಡಿಸದು, ಮಕ್ಕಳಿಗೆ ಅದನ್ನು ನಾನು ಶಿಫಾರಸು ಮಾಡಲಾರೆ. ಆದರೆ ಒಬ್ಬೊಬ್ಬ ಕಾಲಾಳಿನ ಮುಖಕ್ಕೂ ಕಣ್ಣುಬರೆದು ಗಂಟೆಗಟ್ಟಲೆ ಕೂತವನು, ಆಟದಲ್ಲಿ ಅವನನ್ನು ಮೇಜಿನಿಂದ ಎತ್ತಿಡುವಾಗ ಒಂದು ಕ್ಷಣವಾದರೂ ತಡೆಯುವನು. ಸಂಖ್ಯೆಯಾಗಿ ಮಾತ್ರ ಚರಿತ್ರೆಯಲ್ಲಿ ಉಳಿದ ಜನರಿಗೆ ಹಾಗೆ ಮುಖ ಬರುವುದು ನಿಷ್ಕರುಣೆಯ ಶಿಕ್ಷಣವಲ್ಲ.

ಯಾವ ಯುದ್ಧವನ್ನು ಆಡಬೇಕು, ಯಾವುದನ್ನು ಆಡಬಾರದು ಎಂಬ ವಿವೇಕವಂತೂ ಅತ್ಯವಶ್ಯ. 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ದಾರಿಯಿಂದ ಹೈದರಾಬಾದು ಸಂಸ್ಥಾನವನ್ನು ಹೊಕ್ಕ ಭಾರತೀಯ ಸೇನೆಯು ನಳದುರ್ಗವನ್ನು ಹಿಡಿದು, ಉಮರ್ಗಾವನ್ನು ದಾಟಿ, 14ರ ಅಪರಾಹ್ನಕ್ಕೆ ರಾಜೇಶ್ವರವನ್ನು ತಲಪಿ, ಹುಮನಾಬಾದಿನ ಹೆದ್ದಾರಿಯಲ್ಲಿಯೇ ಜಹೀರಾಬಾದಿನತ್ತ ಸಾಗಿತು. 17ರಂದು ಬೀದರನ್ನು ಹೊಕ್ಕಿತು. ರಸ್ತೆ, ಸೇತುವೆ, ಹೊಂಚುಸ್ಥಾನಗಳುಳ್ಳ ಈ ಮುನ್ನಡೆಯು ಯುದ್ಧಕ್ರೀಡಾಸಕ್ತರನ್ನು ಸೆಳೆಯುವಂಥದೇ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣದ ಸಮೀಪದ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನೂ, ಸೇನೆ ಬಂದ ಮೇಲೆ ಬೀದರ, ಕಲಬುರಗಿ, ಉಸ್ಮಾನಾಬಾದು, ನಾಂದೇಡ ಜಿಲ್ಲೆಗಳ ಮುಸಲ್ಮಾನ ಕುಟುಂಬಗಳು ಅನುಭವಿಸಿದ, ಭಾರತ ಸರ್ಕಾರವೇ ಕಳುಹಿಸಿದ ಸುಂದರಲಾಲ್ ಸಮಿತಿಯು ದಾಖಲಿಸಿದ ಘೋರ ಹಾನಿಯನ್ನೂ ಬಲ್ಲವರು ಈ ವರ್ಷವನ್ನು ಆಟದ ಮೇಜಿಗೆ ತರಲಾರರು. ನೆಲದ ನಕ್ಷೆಯ ಮೇಲೆ ಅದನ್ನು ಅಭ್ಯಸಿಸಲಿ, ಹಿರಿಯರ ಬಾಯಿಂದ ಕೇಳಿ ಬರೆದಿಡಲಿ. ದಾಳವನ್ನು ಮಾತ್ರ ಅಲ್ಲಿ ಎಸೆಯುವುದು ಬೇಡ. ಗಾಯವು ಇನ್ನೂ ಮನೆಗಳಲ್ಲಿ ಉಳಿದಿರುವ ಚರಿತ್ರೆಗೂ ಕಲ್ಲಿನಲ್ಲಿ ತಣ್ಣಗಾದ ಚರಿತ್ರೆಗೂ ಭೇದವನ್ನು ಕಾಣದ ಹವ್ಯಾಸವು ಸಂಸ್ಕಾರವಂತರದಾಗಲಾರದು.

ಕಾರ್ಯರೂಪದ ವಿಚಾರ ಉಳಿಯಿತು. ಹೊರದೇಶದ ಪ್ರತಿಮೆಗಳು ದುಬಾರಿ. ಅವುಗಳಲ್ಲಿ ಚಾಲುಕ್ಯ ಸೈನಿಕನನ್ನು ಹುಡುಕುವುದೂ ಕಷ್ಟ. ತಾವೇ ಮಾಡಿಕೊಳ್ಳುವುದು ಅಷ್ಟು ಕಠಿಣವಲ್ಲ. ತಾಮ್ರದ ತೆಳುತಂತಿಯನ್ನು ಮನುಷ್ಯಾಕೃತಿಗೆ ಬಗ್ಗಿಸಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಂ-ಸೀಲಿನ ಎರಡು ಭಾಗಗಳನ್ನು ನಾದಿ ಅದರ ಮೇಲೆ ಹತ್ತಿಸಿ, ಗಟ್ಟಿಯಾಗುವುದರೊಳಗೆ ಒದ್ದೆಯಾದ ಸೂಜಿಯ ಮೊನೆಯಿಂದ ಕಚ್ಚೆಯ ನೆರಿಗೆಯನ್ನೂ ತುರುಬನ್ನೂ ಕೊರೆದರೆ, ಒಂದು ಮೂಲಪ್ರತಿಮೆ ಸಿದ್ಧವಾಗುವುದು. ಚಿಕ್ಕ ಮಕ್ಕಳಾದರೆ ಮಣ್ಣಿನಲ್ಲಿಯೇ ಅಂಗೈಯುದ್ದದ ಸೈನಿಕರನ್ನು ಮಾಡಲಿ. ನಮ್ಮ ಎರೆಮಣ್ಣು ಒಣಗುವಾಗ ಬಿರಿಯುವುದರಿಂದ ಅದಕ್ಕೆ ಕೆಮ್ಮಣ್ಣನ್ನೂ ಜರಡಿ ಹಿಡಿದ ಬೂದಿಯನ್ನೂ ಬೆರೆಸಬೇಕು. ಲೋಹದಲ್ಲಿ ಎರಕಹೊಯ್ಯಬಯಸುವವರಿಗೆ ಬೀದರಿನ ಬಿದ್ರಿ ಕುಶಲಕರ್ಮಿಗಳಿಗಿಂತ ಬೇರೆ ಗುರುಗಳು ಬೇಕಿಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಮಣ್ಣಿನ ಅಚ್ಚಿನಲ್ಲಿ ಹೊಯ್ದು, ಉಳಿಯಿಂದ ಗೀರಿ, ಬೆಳ್ಳಿಯನ್ನು ಕೂರಿಸುವ ಅವರ ಕೈಗೆ ಎರಡಂಗುಲದ ಯೋಧನು ದೊಡ್ಡದಲ್ಲ, ಅವರಿಗೂ ಇದರಿಂದ ಹೊಸದೊಂದು ಕೆಲಸ ದೊರೆಯಬಹುದು. ಹಳೆಯ ಬೊಂಬೆಗಳಲ್ಲಿದ್ದ ಸೀಸವನ್ನು ಮಾತ್ರ ಮನೆಯಲ್ಲಿ ಯಾರೂ ಕರಗಿಸಬಾರದು. ಅದರ ಹೊಗೆಯೂ ಪುಡಿಯೂ ಮಕ್ಕಳ ಮಿದುಳಿಗೆ ವಿಷ.

ಬಸವಕಲ್ಯಾಣದ ಮತ್ತು ಹುಮನಾಬಾದಿನ ಪ್ರೌಢಶಾಲೆಗಳ ಚಿತ್ರಕಲಾ ಶಿಕ್ಷಕರಲ್ಲಿಯೂ ಇತಿಹಾಸದ ಶಿಕ್ಷಕರಲ್ಲಿಯೂ ನನ್ನದೊಂದು ವಿನಂತಿ. ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಮಕ್ಕಳ ಕೈ ಮಣ್ಣಿಗೆ ಹದವಾಗಿರುತ್ತದೆ. ಆಗಲೇ ಅವರನ್ನು ಕೋಟೆಗೂ ಅಲ್ಲಿಯ ವಸ್ತುಸಂಗ್ರಹಾಲಯಕ್ಕೂ, ಜಲಸಂಗ್ವಿಗೂ ನಾರಾಯಣಪುರಕ್ಕೂ ಕರೆದೊಯ್ದು, ಕಲ್ಲಿನ ಸೈನಿಕರನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಲು ಬಿಡಿರಿ. ದಸರೆಯ ರಜೆಯೊಳಗೆ ಪ್ರತಿ ಮಗುವೂ ಒಬ್ಬ ಕಾಲಾಳನ್ನೋ ಸವಾರನನ್ನೋ ಮಾಡಿ ಬಣ್ಣವಿಟ್ಟು ತಂದರೆ, ದೀಪಾವಳಿಯ ವೇಳೆಗೆ ಶಾಲೆಯ ಮೇಜಿನ ಮೇಲೆ ಆಹವಮಲ್ಲನ ಒಂದು ದಂಡು ನಿಲ್ಲುವುದು. ಇದಕ್ಕೆ ಬೇಕಾದ ಮಾನಸೋಲ್ಲಾಸದ ಮೂಲಪಾಠವು ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ 1925, 1939, 1961ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಗಿದೆ. ನಮ್ಮ ಎರಡೂ ಪಟ್ಟಣಗಳ ಗ್ರಂಥಾಲಯಗಳು ಅದನ್ನು ತರಿಸಿಡಬೇಕು.